ಪಟ್ಟಿಯನ್ನು ಕೆಳಗಿನಿಂದ ಓದುವುದು

ಮೊದಲ ಬಾರಿ ಗೇಮಿಂಗ್ ಪಿಸಿ ಕಟ್ಟಲು ಹೊರಟವರು ಆಗಾಗ ತಮ್ಮ ಪಾರ್ಟ್ಸ್ ಪಟ್ಟಿ ಕಳಿಸಿ, 'ಒಮ್ಮೆ ನೋಡಿ ಹೇಳಿ' ಅನ್ನುತ್ತಾರೆ. ಎಲ್ಲ ಪಟ್ಟಿಗಳಿಗೂ ಹೆಚ್ಚುಕಡಿಮೆ ಒಂದೇ ಮುಖ. ಮೊದಲ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡ್: ಪೂರ್ತಿ ಹೆಸರು, ಮಾದರಿ, ಎಷ್ಟು ಫ್ಯಾನ್, ಯಾವ ಬಣ್ಣ ಎನ್ನುವವರೆಗೆ ವಿವರ. ಎರಡನೇ ಸಾಲಿನಲ್ಲಿ ಪ್ರೊಸೆಸರ್, ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅಲ್ಲಿಂದ ಕೆಳಕ್ಕೆ ಬಂದ ಹಾಗೆ ಉತ್ಸಾಹ ಇಳಿಯುತ್ತದೆ. 'ರ‍್ಯಾಮ್ 16 ಜಿಬಿ', 'ಎಸ್‌ಎಸ್‌ಡಿ 1 ಟಿಬಿ', 'ಬೋರ್ಡ್ ಸಾಧಾರಣ'. ಕೊನೆಯ ಸಾಲು: 'ಪವರ್ ಸಪ್ಲೈ 600 ವ್ಯಾಟ್, ಯಾವುದಾದರೂ ಸರಿ'. ಮಾನಿಟರ್ ಬಹಳಷ್ಟು ಸಲ ಪಟ್ಟಿಯಲ್ಲೇ ಇರುವುದಿಲ್ಲ. ಕೇಳಿದರೆ 'ಹಳೆಯದು ಇದೆಯಲ್ಲ' ಎಂಬ ಉತ್ತರ.

ನಾನು ಈ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಕೆಳಗೆ ಅಸಡ್ಡೆಯಿಂದ ಬರೆದ ಆ ಎರಡು ಮೂರು ಸಾಲುಗಳೇ ಈ ಕಂಪ್ಯೂಟರ್ ಎಷ್ಟು ವರ್ಷ ಬಾಳುತ್ತದೆ, ಮುಂದೆ ಅದರಲ್ಲಿ ಏನನ್ನು ಬದಲಿಸಬಹುದು ಅನ್ನುವುದನ್ನು ನಿರ್ಧರಿಸುತ್ತವೆ. ಮೇಲಿನ ಸಾಲುಗಳು ಈ ವರ್ಷದ ಆಟ ಹೇಗೆ ಓಡುತ್ತದೆ ಎಂದು ಹೇಳುತ್ತವೆ. ಎರಡೂ ಬೇಕು. ಆದರೆ ಮೊದಲ ಸಲ ಕಟ್ಟುವವರ ಕಣ್ಣು ಮೇಲೆಯೇ ಇರುತ್ತದೆ, ಜಾಹೀರಾತುಗಳೂ ಅಲ್ಲೇ ಇರುತ್ತವೆ.

ಬಜೆಟ್ ತೀರಾ ಕಡಿಮೆ ಇದ್ದರೆ ಆಯ್ಕೆಯ ಕಷ್ಟವೇ ಇಲ್ಲ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ತೆಗೆದುಕೊಳ್ಳಬೇಕು. ಕೈತುಂಬ ಇದ್ದರೆ ಎಲ್ಲವೂ ಮೇಲ್ದರ್ಜೆಯದು, ಅಲ್ಲೂ ಯೋಚನೆ ಕಡಿಮೆ. ಮಧ್ಯಮ ಬಜೆಟ್ ಮಾತ್ರ ಪ್ರತಿ ಸಾಲಿನಲ್ಲೂ ತೀರ್ಮಾನ ಕೇಳುತ್ತದೆ. ಒಂದು ಕಡೆ ಸೇರಿಸಿದ್ದು ಇನ್ನೊಂದು ಕಡೆಯಿಂದ ಬರಬೇಕು. ಅದಕ್ಕೇ ನನಗೆ ಈ ಮಟ್ಟದ ಬಿಲ್ಡ್ ಅಂದರೆ ಎಲ್ಲಕ್ಕಿಂತ ಇಷ್ಟ. ಇಲ್ಲಿ ಪ್ರತಿ ಭಾಗಕ್ಕೂ ನಾನು ಕೇಳುವುದು ಒಂದೇ ಪ್ರಶ್ನೆ: ಇದನ್ನು ಮುಂದೂಡಬಹುದೇ? ಎರಡು ವರ್ಷ ಬಿಟ್ಟು ಇದೊಂದನ್ನೇ ಬಿಚ್ಚಿ ಹೊಸದು ಹಾಕಿದರೆ ಉಳಿದದ್ದೆಲ್ಲ ಹಾಗೆಯೇ ಇರುತ್ತದೆಯೇ, ಅಥವಾ ಇದು ಹೋಗುವಾಗ ಇನ್ನೂ ಮೂರನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆಯೇ? ಸುಲಭವಾಗಿ ಬದಲಿಸಬಹುದಾದದ್ದನ್ನು ಈಗ ಸ್ವಲ್ಪ ಕಡಿಮೆ ಮಾಡಬಹುದು. ಬದಲಿಸಲು ಕಷ್ಟವಾದದ್ದನ್ನು ಈಗಲೇ ಸರಿಯಾಗಿ ಕೊಳ್ಳಬೇಕು.

ಮೊದಲು ಪಟ್ಟಿಯಲ್ಲಿ ಇಲ್ಲದ ವಸ್ತುವಿನಿಂದಲೇ ಶುರು ಮಾಡೋಣ. 1920×1080ರ (1080ಪಿ ಅನ್ನುವ) ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 2560×1440ರಲ್ಲಿ, ಅಂದರೆ 1440ಪಿಯಲ್ಲಿ, ಸುಮಾರು 36.9 ಲಕ್ಷ. 4ಕೆ, ಅಂದರೆ 3840×2160ರಲ್ಲಿ ಸುಮಾರು 82.9 ಲಕ್ಷ, ಮೊದಲನೆಯದರ ನಾಲ್ಕು ಪಟ್ಟು. ಗ್ರಾಫಿಕ್ಸ್ ಕಾರ್ಡ್ ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪ್ರತಿ ಚಿತ್ರದಲ್ಲೂ, ಬಣ್ಣ ಹಚ್ಚಬೇಕಾದ ಚುಕ್ಕೆಗಳು ಇವು. ಪರದೆ ಯಾವುದು ಎಂದು ಗೊತ್ತಿಲ್ಲದೆ ಕಾರ್ಡ್ ಆರಿಸುವುದು ಹೇಗೆ? ಇನ್ನು ರಿಫ್ರೆಶ್ ರೇಟ್. 60 ಹರ್ಟ್ಜ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೆ ಒಮ್ಮೆ ಹೊಸ ಚಿತ್ರ ತೋರಿಸುತ್ತದೆ, 144 ಹರ್ಟ್ಜ್‌ನದು 6.9 ಮಿಲಿಸೆಕೆಂಡಿಗೆ, 240 ಹರ್ಟ್ಜ್‌ನದು 4.2ಕ್ಕೆ. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯಿತು, ಎರಡನೆಯದರಲ್ಲಿ 3 ಕೂಡ ಇಲ್ಲ. 60ರಿಂದ 144ಕ್ಕೆ ಹೋದವರಿಗೆ ಮೌಸ್ ಅಲುಗಾಡಿಸಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. 240ಕ್ಕೆ ಹೋಗುವುದು ವೇಗದ ಶೂಟರ್ ಆಟಗಳನ್ನೇ ಉಸಿರಾಡುವವರಿಗೆ ಬಿಟ್ಟ ವಿಷಯ.

ಇತ್ತೀಚೆಗೆ ಗೆಳೆಯನ ತಮ್ಮನೊಬ್ಬ ಕಳಿಸಿದ ಪಟ್ಟಿಯಲ್ಲಿ ಆರ್‌ಟಿಎಕ್ಸ್ 4060 ಟಿಐ ಕಾರ್ಡಿನ 8 ಜಿಬಿ ಮಾದರಿ, ಎಂಟು ಕೋರಿನ ಪ್ರೊಸೆಸರ್, ಹೆಸರೇ ಕೇಳದ ಪವರ್ ಸಪ್ಲೈ, ಜೊತೆಗೆ ಮನೆಯಲ್ಲಿದ್ದ 60 ಹರ್ಟ್ಜ್‌ನ 1080ಪಿ ಮಾನಿಟರ್ ಇದ್ದವು. ಕಾರ್ಡ್ ಸೆಕೆಂಡಿಗೆ ನೂರು ಫ್ರೇಮ್ ತಯಾರಿಸಿದರೂ ಅವನ ಕಣ್ಣಿಗೆ ಬೀಳುವುದು 60 ಮಾತ್ರ. ಇಬ್ಬರೂ ಕೂತು ಪ್ರೊಸೆಸರನ್ನು ಆರು ಕೋರಿಗೆ ಇಳಿಸಿದೆವು. ಅಲ್ಲಿ ಉಳಿದದ್ದರಲ್ಲಿ ಒಂದು ಪಾಲು ಪವರ್ ಸಪ್ಲೈಗೆ, ದೊಡ್ಡ ಪಾಲು ಅಡಾಪ್ಟಿವ್ ಸಿಂಕ್ ಇರುವ 1440ಪಿ, 144 ಹರ್ಟ್ಜ್ ಮಾನಿಟರಿಗೆ ಹೋಯಿತು. ಕಾರ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಡಾಪ್ಟಿವ್ ಸಿಂಕ್ ಅಂದರೆ ಕಾರ್ಡ್ ಫ್ರೇಮ್ ಮುಗಿಸಿದಾಗಲೇ ಪರದೆ ಅದನ್ನು ತೋರಿಸುವ ವ್ಯವಸ್ಥೆ. ಎಎಂಡಿ ಅದನ್ನು ಫ್ರೀಸಿಂಕ್ ಅನ್ನುತ್ತದೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳೂ ಇಂಥ ಮಾನಿಟರುಗಳ ಜೊತೆ ಹೊಂದಿಕೊಳ್ಳುತ್ತವೆ. ಮಧ್ಯಮ ದರ್ಜೆಯ ಕಾರ್ಡಿನ ಫ್ರೇಮ್ ರೇಟ್ ಒಂದು ದೃಶ್ಯದಲ್ಲಿ 95, ಇನ್ನೊಂದರಲ್ಲಿ 62 ಹೀಗೆ ಏರಿಳಿಯುತ್ತಲೇ ಇರುವುದರಿಂದ ಇದರ ಲಾಭ ಹೆಚ್ಚು ಸಿಗುವುದು ನಮ್ಮಂಥವರಿಗೇ. ಒಳ್ಳೆಯ ಮಾನಿಟರ್ ಎರಡು ಮೂರು ಕಾರ್ಡುಗಳನ್ನು ನೋಡಿ ಮುಗಿಸುತ್ತದೆ.

ಈಗ ಕೊನೆಯ ಸಾಲು, ಪವರ್ ಸಪ್ಲೈ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ಬೇರೆ ಯಾರೂ ಮಾತಾಡುವುದಿಲ್ಲ.

ಪವರ್ ಸಪ್ಲೈ ಪೆಟ್ಟಿಗೆಯ ಒಂದು ಬದಿಗೆ ಸಣ್ಣ ಅಕ್ಷರಗಳ ಕೋಷ್ಟಕವೊಂದನ್ನು ಅಂಟಿಸಿರುತ್ತಾರೆ. +3.3 ವೋಲ್ಟ್, +5 ವೋಲ್ಟ್, +12 ವೋಲ್ಟ್, -12 ವೋಲ್ಟ್ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಕೆಳಗೆ ಗರಿಷ್ಠ ಎಷ್ಟು ಆಂಪ್ ಎಂದು ನಮೂದಿಸಿರುತ್ತಾರೆ. ಪೆಟ್ಟಿಗೆಯ ಮುಂಭಾಗದ ದೊಡ್ಡ ಸಂಖ್ಯೆಯನ್ನು ಮರೆತು +12ರ ಕೆಳಗೆ ಬೆರಳಿಡಿ. ಅಲ್ಲಿ 54 ಆಂಪ್ ಇದ್ದರೆ, 12ರಿಂದ ಗುಣಿಸಿದಾಗ 648 ವ್ಯಾಟ್. 650 ವ್ಯಾಟ್ ಎಂದು ಮಾರುವ ಪೆಟ್ಟಿಗೆಯ ಮೇಲೆ ಇದು ಪ್ರಾಮಾಣಿಕ ಸಂಖ್ಯೆ. ಅದೇ 650ರ ಪೆಟ್ಟಿಗೆಯ ಮೇಲೆ 40 ಆಂಪ್ ಇದ್ದರೆ ಸಿಗುವುದು 480 ವ್ಯಾಟ್ ಮಾತ್ರ. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ವಿದ್ಯುತ್ತನ್ನು ಬಹುಪಾಲು ಎಳೆಯುವುದು ಈ 12 ವೋಲ್ಟಿನ ಸಾಲಿನಿಂದಲೇ. ಉಳಿದ ಸಾಲುಗಳಲ್ಲಿರುವ ವ್ಯಾಟುಗಳನ್ನು ಕೂಡಿಸಿ ದೊಡ್ಡ ಮೊತ್ತ ತೋರಿಸಿದರೆ ಅದರಿಂದ ನಮಗೆ ಪ್ರಯೋಜನವಿಲ್ಲ. ಈ ಕೋಷ್ಟಕ ಓದಲು ಒಂದು ನಿಮಿಷ ಸಾಕು, ಯಾವ ವಿಮರ್ಶೆಯೂ ಬೇಕಿಲ್ಲ.

80 ಪ್ಲಸ್ ಎಂಬ ಮುದ್ರೆಯ ಬಗ್ಗೆಯೂ ಹೇಳಬೇಕು. ಬ್ರಾಂಜ್, ಗೋಲ್ಡ್ ಎಂಬ ದರ್ಜೆಗಳು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಭಾಗಗಳಿಗೆ ತಲುಪುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಿದ್ದಾಗ, ಬ್ರಾಂಜಿಗೆ 85 ಶೇಕಡಾ ಬೇಕು, ಗೋಲ್ಡಿಗೆ 90. ಕಂಪ್ಯೂಟರಿಗೆ 300 ವ್ಯಾಟ್ ಬೇಕಾದಾಗ ಮೊದಲನೆಯದು ಸುಮಾರು 53 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ, ಎರಡನೆಯದು 33. ಒಳ್ಳೆಯದೇ. ಆದರೆ ಒಳಗಿನ ಕೆಪಾಸಿಟರ್ ಎಂಥದ್ದು, ಶಾರ್ಟ್ ಆದಾಗ ಸಪ್ಲೈ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆಯೇ, ವೋಲ್ಟೇಜ್ ಎಷ್ಟು ಸ್ಥಿರ ಎಂಬುದು ಆ ಮುದ್ರೆಯಲ್ಲಿ ಇಲ್ಲ. ಅದಕ್ಕೆ ವಾರಂಟಿ ಎಷ್ಟು ವರ್ಷ ಎಂದು ನೋಡುತ್ತೇನೆ. ಏಳು ಅಥವಾ ಹತ್ತು ವರ್ಷ ಬರೆದುಕೊಟ್ಟ ತಯಾರಕರು ಒಳಗೆ ಏನು ಹಾಕಿದ್ದೇವೆ ಎಂದು ಯೋಚಿಸಿಯೇ ಬರೆದಿರುತ್ತಾರೆ.

ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕ ಹೆದರಿಸುವಷ್ಟು ದೊಡ್ಡದೇನಲ್ಲ. ರೈಜನ್ 5 7600 ಪ್ರೊಸೆಸರ್ ತನ್ನ ಗರಿಷ್ಠ ಹೊರೆಯಲ್ಲಿ 88 ವ್ಯಾಟ್ ದಾಟದ ಹಾಗೆ ಮಿತಿ ಇಟ್ಟಿದ್ದಾರೆ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕಾರ್ಡಿನದು 160 ವ್ಯಾಟ್. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಇನ್ನೊಂದು ಐವತ್ತು ಅರವತ್ತು. ಒಟ್ಟು 310ರ ಆಸುಪಾಸು. ಹಾಗಾದರೆ 450 ಸಾಲದೇ ಎಂದು ಕೇಳಬಹುದು. ಓಡಿಸಲು ಸಾಕು. ಆದರೆ ಗ್ರಾಫಿಕ್ಸ್ ಕಾರ್ಡುಗಳು ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿಗೆ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ಎಳೆದುಬಿಡುತ್ತವೆ. ಆ ಜಿಗಿತವನ್ನು ತಡೆಯಲಾಗದ ಸಪ್ಲೈ ಇದ್ದರೆ ಆಟದ ನಡುವೆ ಕಂಪ್ಯೂಟರ್ ದಪ್ಪೆಂದು ಆಫ್ ಆಗುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕಾಗಿಯೇ, ದೊಡ್ಡ ಕಾರ್ಡುಗಳ ಹೊಸ ಕನೆಕ್ಟರ್ ಇರುವ ಸಪ್ಲೈಗಳು 100 ಮೈಕ್ರೊಸೆಕೆಂಡಿನ ಮಟ್ಟಿಗೆ ತಮ್ಮ ಅಳತೆಯ ಎರಡು ಪಟ್ಟನ್ನು ತಾಳಿಕೊಳ್ಳಬೇಕು ಎಂದು ಹೇಳಿತು. ಜೊತೆಗೆ, ಮುಂದಿನ ಕಾರ್ಡ್ ಇದಕ್ಕಿಂತ ಹೆಚ್ಚು ಕೇಳಬಹುದು. ಹಾಗಾಗಿ ಮಧ್ಯಮ ಬಿಲ್ಡಿಗೆ ಒಳ್ಳೆಯ 650 ವ್ಯಾಟ್ ನನ್ನ ಉತ್ತರ. ಕೆಟ್ಟ 850ಕ್ಕಿಂತ ಒಳ್ಳೆಯ 650 ಮೇಲು ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ನೆನಪಿಡಿ. ಮಾಡ್ಯುಲರ್ ಸಪ್ಲೈಗಳಲ್ಲಿ ಕೇಬಲ್ ಬಿಚ್ಚಿ ಹಾಕಬಹುದು. ಆ ಕೇಬಲಿನ ಒಂದು ತುದಿ, ಅಂದರೆ ಬೋರ್ಡಿಗೋ ಕಾರ್ಡಿಗೋ ಸೇರುವ ತುದಿ, ಎಲ್ಲರಿಗೂ ಒಂದೇ. ಸಪ್ಲೈಗೆ ಸೇರುವ ತುದಿಯ ಪಿನ್ ಜೋಡಣೆಗೆ ಅಂಥ ನಿಯಮವಿಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರ ಸಪ್ಲೈಗೆ ಸಲೀಸಾಗಿ ಕೂರಬಹುದು, ಕೂತು 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಕಳಿಸಿ ಡ್ರೈವನ್ನು ಸುಟ್ಟುಹಾಕಬಹುದು. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ವ್ಯತ್ಯಾಸ ಇರುವುದುಂಟು. ಸಪ್ಲೈ ಬದಲಿಸಿದ ದಿನ ಅದರ ಕೇಬಲುಗಳನ್ನೂ ಪೂರ್ತಿ ಬದಲಿಸಿ.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮುಂಭಾಗ ಜಾಲರಿಯದಾಗಿರಲಿ, ಗಾಳಿ ಒಳಗೆ ಬರಲಿ. ಮುಂದೆ ಎರಡು, ಹಿಂದೆ ಒಂದು 120 ಮಿಲಿಮೀಟರಿನ ಫ್ಯಾನ್ ಇದ್ದರೆ ಈ ಮಟ್ಟದ ಶಾಖಕ್ಕೆ ಸಾಕು. ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡನ್ನೂ ಕ್ಯಾಬಿನೆಟ್ಟಿನ ವಿವರಪತ್ರದ ಜೊತೆ ಹೋಲಿಸಿ ನೋಡಿ. ಬಣ್ಣದ ದೀಪಗಳು ಬೇಕೆನಿಸಿದರೆ ಹಾಕಿಕೊಳ್ಳಿ, ಅದರಲ್ಲಿ ಸಂತೋಷ ಸಿಗುವವರಿಗೆ ಬೇಡ ಎನ್ನಲು ನಾನ್ಯಾರು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ್ದನ್ನು ಮಾತ್ರ ಬಿಡಿ.

ಮದರ್‌ಬೋರ್ಡ್ ಎಂದಾಗ ನಿಜವಾಗಿ ಆರಿಸುತ್ತಿರುವುದು ಸಾಕೆಟ್ಟನ್ನು, ಅಂದರೆ ಪ್ರೊಸೆಸರ್ ಕೂರುವ ಜಾಗವನ್ನು. ಸಾಕೆಟ್ ಬದಲಾದರೆ ಬೋರ್ಡ್ ಬದಲಾಗುತ್ತದೆ, ಬೋರ್ಡಿನ ಜೊತೆ ಪ್ರೊಸೆಸರ್, ಕೆಲವೊಮ್ಮೆ ರ‍್ಯಾಮ್ ಕೂಡ. ಮುಂದೂಡಲಾಗದ ಭಾಗಗಳ ಪೈಕಿ ಇದೇ ಮುಖ್ಯ. ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ ಇಲ್ಲಿ ಹೇಳಲೇಬೇಕು. 2017ರಲ್ಲಿ ಮೊದಲ ರೈಜನ್ ಬಂದಾಗ ಬಿ350 ಬೋರ್ಡ್ ಕೊಂಡವರಲ್ಲಿ ಅನೇಕರು, ಐದು ವರ್ಷಗಳ ಮೇಲೆ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಂಡು ಅದೇ ಬೋರ್ಡಿನ ಮೇಲೆ 2022ರ ರೈಜನ್ 7 5800ಎಕ್ಸ್3ಡಿ ಕೂರಿಸಿದರು. ಬೋರ್ಡ್ ಅದೇ, ರ‍್ಯಾಮ್ ಅದೇ, ಕ್ಯಾಬಿನೆಟ್ ಅದೇ. ಆಟಗಳಲ್ಲಿ ಮಾತ್ರ ಹೊಸ ಕಂಪ್ಯೂಟರ್. ಆ ಸಾಕೆಟ್ಟಿನ ಉತ್ತರಾಧಿಕಾರಿ ಎಎಂ5, 2022ರ ಸೆಪ್ಟೆಂಬರಿನಲ್ಲಿ ಬಂತು. ರೈಜನ್ 7000, 8000, 9000 ಸರಣಿಗಳು ಅದರಲ್ಲೇ ಕೂರುತ್ತವೆ, 2027ರವರೆಗಾದರೂ ಅದನ್ನು ಮುಂದುವರಿಸುತ್ತೇವೆ ಎಂದು ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರುಗಳನ್ನು ಕಂಡಿತು. 2024ರಲ್ಲಿ ಎಲ್‌ಜಿಎ 1851 ಬಂದಾಗ ಅದರ ದಾರಿ ಅಲ್ಲಿಗೆ ನಿಂತಿತು. ಐ5-12400ಎಫ್ ಈಗಲೂ ಒಳ್ಳೆಯ ಪ್ರೊಸೆಸರೇ. ಬಜೆಟ್ ಬಿಗಿಯಾಗಿದ್ದು, ಹಳೆಯ ಡಿಡಿಆರ್4 ರ‍್ಯಾಮ್ ಕೈಯಲ್ಲಿದ್ದರೆ ಅದರ ಜೊತೆ ಹೋಗುವುದರಲ್ಲಿ ಅರ್ಥವಿದೆ. ಶೂನ್ಯದಿಂದ ಶುರು ಮಾಡುವವರಿಗೆ, ಒಮ್ಮೆಯಾದರೂ ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶ ಉಳಿಯಲಿ ಎಂದು ನಾನು ಎಎಂ5 ಹೇಳುತ್ತೇನೆ.

ಬೋರ್ಡಿನಲ್ಲಿ ಎಎಂ5ರ ಮಧ್ಯಮ ದರ್ಜೆಯ ಬಿ650 ವರ್ಗದ್ದು ಸಾಕು. ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇರಲಿ, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎರಡು ಇರಲಿ, ಪ್ರೊಸೆಸರ್ ಇಲ್ಲದೆಯೂ ಯುಎಸ್‌ಬಿ ಮೂಲಕ ಬಯಾಸ್ ಅಪ್‌ಡೇಟ್ ಮಾಡುವ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಮುಂದೊಂದು ದಿನ ಹೊಸ ಪ್ರೊಸೆಸರ್ ತಂದಾಗ ಆ ಗುಂಡಿಯ ಬೆಲೆ ಗೊತ್ತಾಗುತ್ತದೆ. ಇದಕ್ಕಿಂತ ಮೇಲೆ ಕೊಡುವ ಪ್ರತಿ ಕಾಸೂ ಆಟದಲ್ಲಿ ಒಂದು ಫ್ರೇಮನ್ನೂ ಹೆಚ್ಚಿಸುವುದಿಲ್ಲ.

ಪ್ರೊಸೆಸರಿನ ಬಗ್ಗೆ ಜನರಿಗೆ ಇರುವ ಭಯ ಒಂದೇ, ಅದು 'ಬಾಟಲ್‌ನೆಕ್', ಅಂದರೆ ಒಂದು ಭಾಗ ನಿಧಾನವಾಗಿ ಇನ್ನೊಂದನ್ನು ಕಾಯಿಸುವುದು. ಯಾವ ಎರಡು ಭಾಗ ಹೇಳಿದರೂ ಶೇಕಡಾವಾರು ಬಾಟಲ್‌ನೆಕ್ ಲೆಕ್ಕ ಹಾಕಿಕೊಡುವ ಸಾಧನಗಳಿವೆ. ಅವನ್ನು ನಂಬಬೇಡಿ. ಪ್ರೊಸೆಸರ್ ಮತ್ತು ಕಾರ್ಡಿನ ನಡುವೆ ಯಾವುದು ಹಿಂದೆ ಬೀಳುತ್ತದೆ ಅನ್ನುವುದು ಆಟದಿಂದ ಆಟಕ್ಕೆ, ಒಂದೇ ಆಟದಲ್ಲಿ ಬಯಲಿನಿಂದ ಜನಜಂಗುಳಿಯ ಪೇಟೆಗೆ ಬಂದಾಗಲೂ ಬದಲಾಗುತ್ತದೆ. ಪರೀಕ್ಷಿಸಲು ಸುಲಭದ ದಾರಿ ಇದೆ: ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ರೇಟ್ ಏರಿದರೆ ಅಲ್ಲಿಯವರೆಗೆ ತಡೆದದ್ದು ಗ್ರಾಫಿಕ್ಸ್ ಕಾರ್ಡ್. ಏರದಿದ್ದರೆ ಪ್ರೊಸೆಸರ್. ನಗರ ಕಟ್ಟುವ ಆಟ, ದೊಡ್ಡ ತಂತ್ರಗಾರಿಕೆಯ ಆಟ, ನೂರಾರು ಜನ ಒಂದೆಡೆ ಸೇರುವ ಆನ್‌ಲೈನ್ ಆಟ, ಸೆಕೆಂಡಿಗೆ 200 ಫ್ರೇಮ್ ಬೇಕಾದ ಸ್ಪರ್ಧಾತ್ಮಕ ಶೂಟರ್, ಇವು ಪ್ರೊಸೆಸರನ್ನು ದುಡಿಸುತ್ತವೆ. ಕಥೆಯ ಸುತ್ತ ಸಾಗುವ ಅದ್ದೂರಿ ಆಟಗಳು 1440ಪಿಯಲ್ಲಿ ಬಹುಮಟ್ಟಿಗೆ ಕಾರ್ಡನ್ನೇ ದುಡಿಸುತ್ತವೆ. ಆದ್ದರಿಂದ ನೀವು ಏನು ಆಡುತ್ತೀರಿ ಎಂದು ಕೇಳದೆ ಯಾರೂ ನಿಮಗೆ ಪ್ರೊಸೆಸರ್ ಸೂಚಿಸಬಾರದು.

ಹೆಚ್ಚಿನವರಿಗೆ ಆರು ಕೋರ್, ಹನ್ನೆರಡು ಥ್ರೆಡ್‌ಗಳ ರೈಜನ್ 5 7600ರಂಥದ್ದು ಸಾಕು. ಎಂಟು ಕೋರಿನದಕ್ಕೆ ಏರುವುದರಿಂದ ಆಟಗಳಲ್ಲಿ ಸಿಗುವುದು ಕಡಿಮೆ. ನಿಜವಾದ ಜಿಗಿತ ಇರುವುದು ಕ್ಯಾಶೆಯಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿಯಲ್ಲಿ. 7600ರಲ್ಲಿ ಎಲ್3 ಕ್ಯಾಶೆ 32 ಎಂಬಿ, 7800ಎಕ್ಸ್3ಡಿಯಲ್ಲಿ 96. ಪ್ರೊಸೆಸರ್ ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕೂರಿಸಿದ ಈ ಕ್ಯಾಶೆಯಿಂದಾಗಿ ಆಟಕ್ಕೆ ಪದೇ ಪದೇ ಬೇಕಾಗುವ ಮಾಹಿತಿ ದೂರದ ರ‍್ಯಾಮ್‌ವರೆಗೆ ಹೋಗದೆಯೇ ಸಿಗುತ್ತದೆ. ಅದನ್ನು ಈಗಲೇ ಕೊಳ್ಳಬೇಕಾಗಿಲ್ಲ, ಸಾಕೆಟ್ ಅದೇ ಇರುವುದರಿಂದ ಮುಂದೆ ಕೊಳ್ಳಬಹುದು. ಕೂಲರ್ ಕೂಡ ಹಾಗೆಯೇ. 7600ರ ಪೆಟ್ಟಿಗೆಯಲ್ಲಿ ಬರುವ ಸಣ್ಣ ಕೂಲರ್ ಸದ್ದು ಮಾಡುತ್ತದೆ, ಆದರೆ ಕೆಲಸ ಮಾಡುತ್ತದೆ. ಸದ್ದು ಸಹಿಸಲಾಗದ ದಿನ ಒಂದು ಟವರ್ ಕೂಲರ್ ಹಾಕಿಕೊಂಡರಾಯಿತು.

ರ‍್ಯಾಮ್ ವಿಷಯದಲ್ಲಿ ಹಳೆಯ ಸಲಹೆಯೊಂದು ಈಗ ಕೆಲಸ ಮಾಡುವುದಿಲ್ಲ. 'ಈಗ 16 ಹಾಕು, ನಾಲ್ಕು ಸ್ಲಾಟ್ ಇದೆಯಲ್ಲ, ಆಮೇಲೆ ಇನ್ನೆರಡು ಸೇರಿಸು' ಎಂಬ ಮಾತು ಡಿಡಿಆರ್4 ಕಾಲದಲ್ಲಿ ನಡೆಯುತ್ತಿತ್ತು. ಅದರ ಮುಂದಿನ ತಲೆಮಾರಾದ ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿದಾಗ ವೇಗ ಉಳಿಸಿಕೊಳ್ಳುವುದು ಕಷ್ಟ. ರೈಜನ್ 7000ಕ್ಕೆ ಎರಡು ಸ್ಟಿಕ್ಕಿಗೆ ಅಧಿಕೃತವಾಗಿ 5200 ಎಂಟಿ/ಸೆ (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆ) ವೇಗ ಹೇಳಿದ ಎಎಂಡಿಯೇ ನಾಲ್ಕಕ್ಕೆ 3600 ಎಂದಿದೆ. ಅಂದರೆ ಮುಂದೂಡಬಹುದಾದ ಭಾಗಗಳ ಗುಂಪಿನಿಂದ ರ‍್ಯಾಮ್ ಅರ್ಧ ಆಚೆ ಬಂದಿದೆ. ಕೊಳ್ಳುವುದಾದರೆ ಎರಡು 16 ಜಿಬಿ ಸ್ಟಿಕ್ ಸೇರಿ 32, ವೇಗ 6000ದ ಸುತ್ತ. ಆದರೆ 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ವಿಪರೀತ ಏರಿತು. ಅಂಥ ಹೊತ್ತಿನಲ್ಲಿ 32 ಎಂದು ಹಟ ಹಿಡಿದು ಕಾರ್ಡನ್ನು ಬಲಿ ಕೊಡುವುದಕ್ಕಿಂತ, ಎರಡು 8 ಜಿಬಿ ಸ್ಟಿಕ್ ಹಾಕಿ, ಬೆಲೆ ಇಳಿದಾಗ ಎರಡನ್ನೂ ತೆಗೆದು ಬದಲಿಸುವ ತಯಾರಿಯಲ್ಲಿರುವುದು ಒಳ್ಳೆಯದು. ಒಂದೇ ಸ್ಟಿಕ್ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿದು ಬ್ಯಾಂಡ್‌ವಿಡ್ತ್ ಅರ್ಧಕ್ಕೆ ಬರುತ್ತದೆ.

ಎಸ್‌ಎಸ್‌ಡಿ ಬಗ್ಗೆ ಎರಡು ಮಾತು ಸಾಕು. ಹಳೆಯ ಬಗೆಯ ಸಾಟಾ ಡ್ರೈವ್ ಸೆಕೆಂಡಿಗೆ 550 ಎಂಬಿ, ಪಿಸಿಐಇ ಎಂಬ ವೇಗದ ದಾರಿ ಬಳಸುವ ಎನ್‌ವಿಎಂಇ ಡ್ರೈವ್ ಅದರ 3.0 ಆವೃತ್ತಿಯಲ್ಲಿ 3500ರ ಹತ್ತಿರ, 4.0ರದು 7000ದವರೆಗೆ. ಕಾಗದದ ಮೇಲಿನ ಈ ಅಂತರ ಆಟ ಲೋಡ್ ಆಗುವಾಗ ಬಹುಪಾಲು ಕರಗಿಹೋಗುತ್ತದೆ. 1 ಟಿಬಿಯ ಸಾಧಾರಣ ಎನ್‌ವಿಎಂಇ ಸಾಕು, ಎರಡನೇ ಸ್ಲಾಟ್ ಖಾಲಿ ಇರಲಿ.

ಈಗ ಪಟ್ಟಿಯ ಮೊದಲ ಸಾಲು. ಮಿಕ್ಕವನ್ನೆಲ್ಲ ನಿರ್ಧರಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಉಳಿಯಿತೋ ಅದು ಮಾನಿಟರ್ ಬಿಟ್ಟ ಬಜೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಅರ್ಧಕ್ಕೆ ಹತ್ತಿರವಾದರೂ ತಪ್ಪಿಲ್ಲ. ಗೇಮಿಂಗ್ ಪಿಸಿಯಲ್ಲಿ ಚಿತ್ರ ಬಿಡಿಸುವುದು ಅದೇ. ಹಾಗೆಂದು ಅದನ್ನು ಹತ್ತು ವರ್ಷಕ್ಕೆಂದು ಕೊಳ್ಳಬೇಕಿಲ್ಲ. ಇಡೀ ಕಂಪ್ಯೂಟರಿನಲ್ಲಿ ಅತಿ ಸುಲಭವಾಗಿ ಬದಲಿಸಬಹುದಾದ ದುಬಾರಿ ಭಾಗ ಅದೇ: ಎರಡು ಸ್ಕ್ರೂ, ಒಂದು ಕೊಂಡಿ, ಒಂದು ಕೇಬಲ್.

ಇಲ್ಲಿ ನಾನು ಬಿಟ್ಟುಕೊಡದ ಒಂದು ಸಂಗತಿ ಇದೆ, ವಿಡಿಯೊ ಮೆಮೊರಿ, ಅಂದರೆ ಕಾರ್ಡಿನ ಸ್ವಂತ ಮೆಮೊರಿ. ಆರ್‌ಟಿಎಕ್ಸ್ 4060ರ 8 ಜಿಬಿ ಮೆಮೊರಿ ಮತ್ತು ಅದರ ಚಿಪ್ಪಿನ ನಡುವೆ ಸೆಕೆಂಡಿಗೆ 272 ಜಿಬಿ ಮಾಹಿತಿ ಓಡಾಡುತ್ತದೆ. ಆಟಕ್ಕೆ 8 ಜಿಬಿ ಸಾಲದೆ ಹೋದಾಗ ಹೆಚ್ಚುವರಿ ಮಾಹಿತಿ ಕಂಪ್ಯೂಟರಿನ ರ‍್ಯಾಮಿನಲ್ಲಿ ಕೂರುತ್ತದೆ, ಬೇಕಾದಾಗಲೆಲ್ಲ ಪಿಸಿಐಇ ಸ್ಲಾಟಿನ ಮೂಲಕ ಬರಬೇಕು. ಈ ಕಾರ್ಡ್ ಬಳಸುವುದು ಎಂಟು ಲೇನ್ (ಮಾಹಿತಿ ಸಾಗುವ ಸಾಲು) ಮಾತ್ರ, ಪಿಸಿಐಇ 4.0ರಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 16 ಜಿಬಿ. 272ರಿಂದ 16ಕ್ಕೆ. ಪಿಸಿಐಇ 3.0 ಇರುವ ಹಳೆಯ ಬೋರ್ಡಾದರೆ 8ಕ್ಕೆ. ಮೇಜಿನ ಮೇಲಿರಬೇಕಾದ ಹಾಳೆಗಾಗಿ ಪ್ರತಿ ಸಲವೂ ಪಕ್ಕದ ಕೋಣೆಗೆ ಎದ್ದು ಹೋಗಿ ಬಂದ ಹಾಗೆ.

ಪರದೆಯ ಮೇಲೆ ಇದು ಹೇಗೆ ಕಾಣುತ್ತದೆ ಎಂಬುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮೂಲೆಯಲ್ಲಿ ಫ್ರೇಮ್ ರೇಟ್ 70 ಎಂದೇ ತೋರಿಸುತ್ತಿರುತ್ತದೆ. ಬೀದಿಯ ತಿರುವಿನಲ್ಲಿ ತಿರುಗುತ್ತೀರಿ, ಚಿತ್ರ ಒಂದು ಗಳಿಗೆ ಕಚ್ಚಿಕೊಂಡು ನಿಂತು ಮುಂದೆ ಹೋಗುತ್ತದೆ. ಗೋಡೆಯ ಹತ್ತಿರ ನಡೆದುಹೋಗಿ ಅಲ್ಲಿ ಅಂಟಿಸಿದ ಭಿತ್ತಿಪತ್ರವನ್ನು ನೋಡುತ್ತ ನಿಲ್ಲುತ್ತೀರಿ, ಅಕ್ಷರಗಳು ಒದ್ದೆ ಬಣ್ಣದ ಹಾಗೆ ಕಲಸಿಕೊಂಡಿರುತ್ತವೆ. ಕಾದರೂ ತಿಳಿಯಾಗುವುದಿಲ್ಲ. ಆಟ ಸದ್ದಿಲ್ಲದೆ ಟೆಕ್ಸ್ಚರ್‌ಗಳನ್ನು (ಮೇಲ್ಮೈಗಳ ಚಿತ್ರಗಳನ್ನು) ಕೆಳದರ್ಜೆಗೆ ಇಳಿಸಿ ಮೆಮೊರಿ ಉಳಿಸಿಕೊಂಡಿದೆ. ವಿಮರ್ಶೆಗಳ ಸರಾಸರಿ ಪಟ್ಟಿಯಲ್ಲಿ ಇದು ಯಾವುದೂ ಕಾಣಿಸುವುದಿಲ್ಲ. ಸರಾಸರಿ ಎಷ್ಟು ಅಡಗಿಸುತ್ತದೆ ನೋಡಿ: ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 15 ಮಿಲಿಸೆಕೆಂಡಿನ ಹಾಗೆ ಬಂದು, ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ 60ರ ಆಸುಪಾಸಿನಲ್ಲೇ ಬರುತ್ತದೆ. ಕಣ್ಣಿಗೆ ಬೀಳುವುದು ಮಾತ್ರ ಆ 100. ಅದಕ್ಕೇ ವಿಮರ್ಶೆ ಓದುವಾಗ '1% ಲೋ', ಅಂದರೆ ಅತಿ ನಿಧಾನದ ಒಂದು ಶೇಕಡಾ ಫ್ರೇಮುಗಳ ವೇಗ ತೋರಿಸುವ ಕಂಬವನ್ನು ಮೊದಲು ನೋಡಿ, ಸರಾಸರಿಯನ್ನು ಆಮೇಲೆ.

ಹಾಗಾಗಿ ಗೆಳೆಯನ ತಮ್ಮನ ಪಟ್ಟಿಯಲ್ಲಿ 8 ಜಿಬಿ ಕಾರ್ಡನ್ನು ತೆಗೆದು 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಹಾಕಿದೆವು. ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಅದೇ 9060 ಎಕ್ಸ್‌ಟಿ 8 ಜಿಬಿಯಲ್ಲೂ ಇದೆ. 4060 ಟಿಐ 8ರಲ್ಲೂ ಇದೆ, 16ರಲ್ಲೂ ಇದೆ. 2021ರ ಆರ್‌ಟಿಎಕ್ಸ್ 3060 12 ಜಿಬಿಯಲ್ಲಿ ಬಂತು, ಆಮೇಲೆ ಅದೇ ಹೆಸರಿನಲ್ಲಿ 8 ಜಿಬಿಯ ನಿಧಾನದ ಮಾದರಿಯೂ ಬಂತು. ಒಂದೇ ಹೆಸರಿನಲ್ಲಿ ಎರಡು ಬೇರೆ ಸಾಮರ್ಥ್ಯದ ಕಾರ್ಡ್ ಮಾರುವ ಈ ಅಭ್ಯಾಸ ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಮೊದಲ ಬಾರಿ ಕೊಳ್ಳುವವರು ಹೆಸರನ್ನು ನಂಬಿ ಕೊಳ್ಳುತ್ತಾರೆ, ಪೆಟ್ಟಿಗೆಯ ಮೂಲೆಯ ಅಂಕಿಯನ್ನು ನೋಡುವುದಿಲ್ಲ. ಬಜೆಟ್ ಇನ್ನೂ ಕಡಿಮೆಯಿದ್ದರೆ ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. 1080ಪಿಯಲ್ಲಿ ಹಳೆಯ ಆಟ, ಹಗುರ ಆನ್‌ಲೈನ್ ಆಟಗಳನ್ನಷ್ಟೇ ಆಡುವವರಿಗೆ 8 ಜಿಬಿಯೂ ನಡೆಯುತ್ತದೆ.

1440ಪಿ ಮಾನಿಟರಿಗೆ ಮಧ್ಯಮ ಕಾರ್ಡ್ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಪ್‌ಸ್ಕೇಲಿಂಗ್, ಅಂದರೆ ಸಣ್ಣ ಚಿತ್ರ ಬಿಡಿಸಿ ದೊಡ್ಡದಾಗಿಸುವುದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಎಂದು ಮೂರು ಕಂಪನಿಗಳೂ ತಮ್ಮ ತಮ್ಮದನ್ನು ಕೊಡುತ್ತವೆ. 1440ಪಿಯಲ್ಲಿ ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಆಯ್ಕೆ ಇಟ್ಟರೆ ಆಟ ಒಳಗೆ ಸುಮಾರು 1707×960ರಲ್ಲಿ ಚಿತ್ರ ಬಿಡಿಸಿ, ಹಿಂದಿನ ಫ್ರೇಮುಗಳ ಮಾಹಿತಿ ಸೇರಿಸಿ ಪೂರ್ತಿ ಚಿತ್ರ ಕಟ್ಟುತ್ತದೆ. ಬಿಡಿಸಬೇಕಾದ ಪಿಕ್ಸೆಲ್‌ಗಳು 1080ಪಿಗಿಂತಲೂ ಕಡಿಮೆ, ಕಾಣುವ ಚಿತ್ರ ಅದಕ್ಕಿಂತ ಚೆನ್ನ. ಅದೇ ಆಯ್ಕೆಯನ್ನು 1080ಪಿಯಲ್ಲಿ ಇಟ್ಟರೆ ಒಳಗಿನ ಚಿತ್ರ 1280×720ಕ್ಕೆ ಇಳಿಯುತ್ತದೆ, ಮಸುಕು ಎದ್ದು ಕಾಣತೊಡಗುತ್ತದೆ. ನಡುವೆ ಕೃತಕ ಫ್ರೇಮ್ ತುಂಬುವ ಫ್ರೇಮ್ ಜನರೇಶನ್ ಬೇರೆಯೇ ಸಂಗತಿ. ಅದು ಚಲನೆಯನ್ನು ನಯವಾಗಿಸುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೂ ಪರದೆ ಪ್ರತಿಕ್ರಿಯಿಸಿದ್ದಕ್ಕೂ ನಡುವಿನ ವಿಳಂಬವನ್ನು ಕಡಿಮೆ ಮಾಡುವುದಿಲ್ಲ. ಮೊದಲೇ 60ರಷ್ಟು ಫ್ರೇಮ್ ಬರುತ್ತಿದ್ದರೆ ಹಾಕಿಕೊಳ್ಳಿ. 30ನ್ನು 60 ಎಂದು ತೋರಿಸಿಕೊಂಡು ಆಡಿದರೆ ಕೈಗೆ ಅದು 30ರ ಹಾಗೆಯೇ ಇರುತ್ತದೆ. ಜಾಹೀರಾತಿನ ಕಂಬಗಳಲ್ಲಿ ಈ ಎರಡನ್ನೂ ಸೇರಿಸಿಬಿಟ್ಟಿರುತ್ತಾರೆ, ಬಿಡಿಸಿ ಓದಬೇಕು.

ಬಳಸಿದ ಕಾರ್ಡ್ ಕೊಳ್ಳಬಹುದೇ? ಕೊಳ್ಳಬಹುದು, ಮಾರುವವರ ಎದುರು ಅರ್ಧ ಗಂಟೆ ಭಾರದ ಆಟ ಓಡಿಸಿ ನೋಡುವ ಅವಕಾಶ ಇದ್ದರೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಎಂಬ ಕ್ರಿಪ್ಟೊ ಹಣ ಗ್ರಾಫಿಕ್ಸ್ ಕಾರ್ಡುಗಳ ಮೈನಿಂಗನ್ನು ಕೈಬಿಟ್ಟ ಮೇಲೆ ರಾಶಿರಾಶಿ ಕಾರ್ಡುಗಳು ಹೊರಬಂದವು. ಹಗಲಿರುಳು ದುಡಿದ ಅವುಗಳಲ್ಲಿ ಮೊದಲು ಸವೆದಿರುವುದು ಫ್ಯಾನ್ ಮತ್ತು ಥರ್ಮಲ್ ಪ್ಯಾಡ್. ಬಳಸಿದ ಪವರ್ ಸಪ್ಲೈ ಮಾತ್ರ ಬೇಡವೇ ಬೇಡ.

ಹೊಸ ಪಟ್ಟಿಯಲ್ಲಿ ಭಾಗಗಳೆಲ್ಲ ಬಂದು, ಹುಡುಗ ಜೋಡಿಸಿ, ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಗಾಬರಿಯಿಂದ ಫೋನ್ ಮಾಡಿದ. ಎಎಂ5 ಬೋರ್ಡುಗಳು ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಸಮಯ ಹೊಂದಿಸಿಕೊಳ್ಳುತ್ತವೆ, ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಕೆಲವು ನಿಮಿಷ ಏನೂ ಕಾಣಿಸುವುದಿಲ್ಲ. ಆಫ್ ಮಾಡದೆ ಕಾಯಲು ಹೇಳಿದೆ, ಬಂತು. ಬಯಾಸ್ ಒಳಗೆ ಹೋಗಿ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಆಯ್ಕೆ ಆನ್ ಮಾಡಿಸಿದೆ. ಅದು ಆಫ್ ಇದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ, ಯಾರೂ ಹೇಳುವುದಿಲ್ಲ. ವಿಂಡೋಸ್ ಬಂದ ಮೇಲೆ ಡಿಸ್ಪ್ಲೇ ಸೆಟ್ಟಿಂಗ್ಸ್ ತೆರೆಸಿದೆ. ಹೊಸ ಮಾನಿಟರ್ 60 ಹರ್ಟ್ಜ್‌ನಲ್ಲೇ ಕೂತಿತ್ತು. 144ಕ್ಕೆ ಬದಲಿಸಲು ಹೇಳಿದೆ. ಮಾನಿಟರಿನ ಕೇಬಲನ್ನು ಬೋರ್ಡಿನ ಹಿಂಭಾಗಕ್ಕೆ ಹಾಕಿದ್ದಾನೋ ಗ್ರಾಫಿಕ್ಸ್ ಕಾರ್ಡಿಗೋ ಎಂದೂ ಕೇಳಿದೆ. 7600ರ ಒಳಗೇ ಸಣ್ಣದೊಂದು ಗ್ರಾಫಿಕ್ಸ್ ಇರುವುದರಿಂದ ಬೋರ್ಡಿಗೆ ಹಾಕಿದರೂ ಚಿತ್ರ ಬಂದೇ ಬರುತ್ತದೆ, ಆದರೆ ಚಿತ್ರ ಹೊರಬರುವುದು ಕಾರ್ಡಿನ ಬಾಯಿಂದಲ್ಲ. ಕಾರ್ಡಿಗೇ ಹಾಕಿದ್ದ. ಕೊನೆಗೆ, ಭಾಗಗಳನ್ನು ಮರಳಿಸುವ ಅವಧಿ ಮುಗಿಯುವ ಮೊದಲೇ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಲು ಹೇಳಿ ಫೋನ್ ಇಟ್ಟೆ. ಅವನು ಅಷ್ಟರಲ್ಲಾಗಲೇ ಆಟ ಡೌನ್‌ಲೋಡ್‌ಗೆ ಹಾಕಿದ್ದ.